ಗುಂಡುತೋಪಿನ ಮರಗಳಿಗೆ ರೋಗ ಅಂತ ಹರಾಜಿಗೆ ಇಡ್ತಿದ್ದಾರೆ, ಉಳಿಸೋಕಾಗುತ್ತಾ?

ತೋಪಿನಕಟ್ಟೆ (ಚಿಂತಾಮಣಿ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಸದಸ್ಯೆ, ಗೆದ್ದಿದ್ದು ಇದೇ ಮೊದಲ ಸಲ. ಮನೇಲಿ ಎರಡು ಸೀಮೆಹಸು, ಒಂದಿಷ್ಟು ಟೊಮೆಟೊ, ಅಷ್ಟೇ ನಮ್ಮ ಬೇಸಾಯ. ದೊಡ್ಡ ಮರಗಳ ಕಾಯಿಲೆ ಬಗ್ಗೆ ಏನೂ ತಿಳೀದು, ಅದಕ್ಕೇ ಇಲ್ಲಿ ಕೇಳ್ತಿದೀನಿ.

ನಮ್ಮೂರ ಕೆರೆ ಏರಿ ಕೆಳಗೆ ಗುಂಡುತೋಪು ಐತೆ. ನಾಟಿ ಮಾವು, ಹುಣಸೆ, ಬೇವು, ಹೊಂಗೆ, ಮೂಲೇಲಿ ಒಂದು ಇಪ್ಪೆ ಮರ. ಯಾರು ನೆಟ್ಟಿದ್ದು ಅಂತ ನಮ್ಮತ್ತೆಗೂ ಗೊತ್ತಿಲ್ಲ. ಜಾತ್ರೆ ಅಡಿಗೆ ಅಲ್ಲೇ, ಮಧ್ಯಾಹ್ನ ಕುರಿ ಬಿಡೋದೂ ಅಲ್ಲೇ. ಹುಣಸೆಹಣ್ಣಿನ ಹರಾಜಿಂದ ಪಂಚಾಯ್ತಿಗೆ ವರ್ಷವರ್ಷ ನಾಲ್ಕು ಕಾಸು ಬರ್ತೈತೆ. ಈಗ ಮುಂದಿನ ಸಭೆಗೆ 'ರೋಗ ತಗುಲಿದ ಮರಗಳ ವಿಲೇವಾರಿ' ಅಂತ ಒಂದು ವಿಷಯ ಇಟ್ಟಿದ್ದಾರೆ. ಆಗಲೇ ಯಾರೋ ಬಂದು ಬೊಡ್ಡೆಗಳ ಮೇಲೆ ಸುಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ಸೌದೆ ವ್ಯಾಪಾರದವರು ಅಂತ ಊರಲ್ಲಿ ಮಾತು.

ನಾನೇ ಹೋಗಿ ಕಂಡಿದ್ದು ಬರೀತೀನಿ, ಬಲ್ಲವರು ಹೇಳಿ.

ಮಾವಿನ ಮರಗಳಲ್ಲಿ ಸೊಂಟದೆತ್ತರಕ್ಕೆ ತೂತು ಬಿದ್ದಿವೆ, ಹೆಬ್ಬೆರಳು ತೂರುವಷ್ಟು ದೊಡ್ಡವೂ ಅವೆ. ತೂತಿನ ಕೆಳಗೆ ಮರದ ಹುಡಿ, ಜೊತೆಗೆ ಕಂದು ಅಂಟು ಸೋರಿ ಗಟ್ಟಿಯಾಗಿದೆ. ಒಂದು ಮರದಲ್ಲಿ ಮೂಡಲ ಕಡೆ ಕೊಂಬೆಗಳು ಪೂರ್ತಿ ಒಣಗಿವೆ, ಪಡುವಲ ಕಡೆ ಹಸಿರಾಗೇ ಐತೆ.

ಬೇವಿನದು ಬೇರೆ ಕಥೆ. ದಸರಾ ಕಳೆದ ಮೇಲೆ ಒಂದೊಂದೇ ಚಿಗುರು ಬಾಡೋಕೆ ಶುರುವಾಗಿ ಈಗ ಮರಕ್ಕೆ ಮರವೇ ಕೆಂಪಗಾಗಿದೆ. ಬರೀ ತೋಪಲ್ಲಿ ಅಲ್ಲ, ರಸ್ತೆ ಬದಿ, ಸ್ಕೂಲ್ ಹತ್ರ, ಎಲ್ಲಾ ಬೇವೂ ಹಂಗೇ.

ಮೂರನೇದು, ಮಾವು ಹೊಂಗೆ ಎರಡರಲ್ಲೂ ಕೊಂಬೆ ಮೇಲೆ ಬೇರೆ ಏನೋ ಗಿಡ ಬೆಳೆದಿದೆ. ದಪ್ಪ ಎಲೆ, ಕಿತ್ತಳೆ ಬಣ್ಣದ ಕೊಳವೆ ಹೂವು. ಹಿರಿಯರು ಬದನಿಕೆ ಅಂತಾರೆ.

ಹುಣಸೆ ಮರಗಳಿಗೆ ಏನೂ ಆದಂಗೆ ನನಗೆ ಕಾಣಲಿಲ್ಲ. ಆದ್ರೆ ನಂಬರ್ ಅವಕ್ಕೂ ಬಿದ್ದಿದೆ!

ಇದು ಅಕ್ಕಪಕ್ಕದ ತೋಟಗಳಿಗೆ ಹರಡುತ್ತೆ, ಬೇಗ ಕಡೀಬೇಕು ಅಂತ ಸಭೆಯಲ್ಲಿ ಹೇಳೋರಿದ್ದಾರೆ. ನಿಜಾನಾ? ಔಷಧಿ ಇದೆಯಾ? ನಾನು ಅಲ್ಲಿ ಏನಂತ ಮಾತಾಡಲಿ?

ಮಂಜು ಮಾಲೂರು:

ಅಕ್ಕ, ತೂತಿಗೆ ಸೆಲ್ಫಾಸ್ ಮಾತ್ರೆ ಒಂದೊಂದು ತುರುಕಿ ಮಣ್ಣು ಮೆತ್ತಿಬಿಡಿ, ಹುಳ ಒಳಗೇ ಖಲಾಸ್. ಬೇವಿಗೆ ಟ್ರಾಕ್ಟರ್ ಸ್ಪ್ರೇಯರ್ ತರಿಸಿ ಒಳ್ಳೆ ಔಷಧಿ ಹೊಡೆಸಿ. ಅಷ್ಟಕ್ಕೂ ಬಗ್ಗಲಿಲ್ಲ ಅಂದ್ರೆ ಕಡಿದು ಸಿಲ್ವರ್ ಓಕ್ ಹಾಕಿ, ಹತ್ತು ವರ್ಷಕ್ಕೆ ದುಡ್ಡು.

ಹಳೇ ಬೇನಿಷಾ (ಶ್ರೀನಿವಾಸಪುರ):

ಮಂಜಪ್ಪ, ಸೆಲ್ಫಾಸ್ ಮಾತು ಇಲ್ಲಿ ಬೇಡ ಕಣಪ್ಪ. ಅದು ಅಲ್ಯೂಮಿನಿಯಂ ಫಾಸ್ಫೈಡ್. ತೇವ ಸೋಕಿದ್ರೆ ಸಾಕು, ಫಾಸ್ಫೀನ್ ಅನ್ನೋ ಗ್ಯಾಸ್ ಬಿಡುತ್ತೆ, ಅದನ್ನ ಉಸಿರಾಡಿದ ಮನುಷ್ಯನಿಗೆ ಮದ್ದಿಲ್ಲ. ಸರ್ಕಾರ ಒಪ್ಪಿದ ತಜ್ಞರ ಉಸ್ತುವಾರಿ ಇಲ್ಲದೆ ಅದನ್ನ ಬಳಸೋ ಹಂಗೇ ಇಲ್ಲ. ಹುಡುಗರು ಲಗೋರಿ ಆಡೋ ತೋಪಲ್ಲಿ ಮಣ್ಣು ಮೆತ್ತಿದ ತೂತನ್ನ ಕೋಲಿಂದ ಕೆದಕದೆ ಬಿಡ್ತಾರಾ? ಇನ್ನು ಅಂಗಡಿಯಲ್ಲಿ 'ನುವಾನ್ ಹಾಕಿ' ಅಂತ ಈಗಲೂ ಹೇಳೋರಿದ್ದಾರೆ. ಆ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧ. ಹಳೇ ಬಾಟಲಿ ಯಾರ ಮನೇಲಾದರೂ ಉಳಿದಿದ್ರೆ ಅದನ್ನೂ ತರಬೇಡಿ.

ಈಗ ನಿನ್ನ ವಿಷಯಕ್ಕೆ ಬರ್ತೀನಮ್ಮ. ನೀನು ಬರೆದಿರೋದು ಒಂದೇ ರೋಗ ಅಲ್ಲ, ಮೂರು ಬೇರೆ ಬೇರೆ ಕಾಟ. ಮೂರಕ್ಕೂ ಒಂದೇ ಪಟ್ಟಿ ಮಾಡಿ ಕೊಡಲಿ ಏಟು ಹಾಕೋದು ಸೌದೆಯವನ ವೈದ್ಯ. ಸಭೆಗೆ ಮೊದಲು ಮರಮರದ ಹತ್ರಾನೂ ಹೋಗಿ ಬೇರೆ ಬೇರೆ ಬರ್ಕೋ.

ಮಾವಿನದು ಕಾಂಡ ಕೊರಕ. ನಮ್ಮ ಕಡೆ ಹಳೇ ತೋಟ ಅಂದ್ರೆ ಇದು ಇಲ್ಲದ ತೋಟ ಇಲ್ಲ. ದೊಡ್ಡ ದುಂಬಿ, ಎರಡು ಅಂಗುಲ ಬರುತ್ತೆ. ಬೂದು ಮೈ, ಮೈಗಿಂತ ಉದ್ದ ಮೀಸೆ, ತಲೆ ಹಿಂದೆ ಎರಡು ಕಿತ್ತಳೆ ಮಚ್ಚೆ. ಮುಂಗಾರು ಹಿಡಿಯೋ ಹೊತ್ತಿಗೆ ಮರದಿಂದ ಹೊರಬಿದ್ದು ರಾತ್ರಿ ಹೊತ್ತು ಓಡಾಡಿ ತೊಗಟೆ ಬಿರುಕಲ್ಲಿ ಒಂದೊಂದೇ ಮೊಟ್ಟೆ ಇಡುತ್ತೆ. ಮೊಟ್ಟೆಯಿಂದ ಬಂದ ಹುಳ ಮೊದಲು ತೊಗಟೆ ಕೆಳಗೆ ಮೇಯುತ್ತೆ, ಆಮೇಲೆ ಮರದೊಳಕ್ಕೆ ನುಗ್ಗುತ್ತೆ. ಹೆಚ್ಚುಕಮ್ಮಿ ಒಂದು ವರ್ಷ ಅದಕ್ಕೆ ಒಳಗೇ ಊಟ, ಒಳಗೇ ಮನೆ. ಬಲಿತ ಹುಳ ಮೂರಂಗುಲ ಮೀರುತ್ತೆ, ಕೆನೆಬಣ್ಣ, ಕಪ್ಪು ಮೂತಿ. ಕೊಂಬೆಗೆ ನೀರು ಸಾಗಿಸೋ ಭಾಗವನ್ನೇ ಕೊರೆಯೋದರಿಂದ ಹುಳ ಇರೋ ಮಗ್ಗುಲಿನ ಕೊಂಬೆ ಮಾತ್ರ ಒಣಗುತ್ತೆ. ನಿಮ್ಮ ಮರದಲ್ಲಿ ಮೂಡಲ ಕಡೆ ಒಣಗಿ ಪಡುವಲ ಹಸಿರಾಗಿರೋದು ಅದಕ್ಕೇ.

ಯಾವ ತೂತಲ್ಲಿ ಹುಳ ಇದೆ, ಯಾವುದು ಖಾಲಿ ಅಂತ ತಿಳ್ಕೊಳ್ಳೋದು ಹೆಂಗೆ? ಸಾಯಂಕಾಲ ಪರಕೆ ತಗೊಂಡು ಹೋಗಿ ಬೊಡ್ಡೆ ಸುತ್ತ ಬಿದ್ದಿರೋ ಹುಡಿ ಪೂರ್ತಿ ಗುಡಿಸಿಬಿಡು. ತೂತಿನ ಬಾಯಲ್ಲಿ ಅಂಟಿರೋದನ್ನೂ ಕಡ್ಡೀಲಿ ಕೆರೆದು ತೆಗಿ. ಮಾರನೇ ಬೆಳಿಗ್ಗೆ ಹೋಗಿ ನೋಡು. ಎಲ್ಲಿ ಹೊಸ ಹುಡಿ ಬಿದ್ದಿದೆ, ಬೆರಳಲ್ಲಿ ಒತ್ತಿದ್ರೆ ಒದ್ದೆ ಇದೆ, ನಾರುನಾರಾಗಿದೆ, ಬಣ್ಣ ತಿಳಿಯಾಗಿದೆ, ಅಲ್ಲಿ ಹುಳ ಕೂತಿದೆ ಅಂತ ಲೆಕ್ಕ. ಅದಕ್ಕೆ ಸೀಮೆಸುಣ್ಣದಲ್ಲಿ ಸೊನ್ನೆ ಹಾಕು. ಕಪ್ಪಗೆ ಒಣಗಿದ ಹಳೇ ತೂತಿಗೆ ಏನೂ ಮಾಡೋದು ಬೇಡ. ನೋಡೋಕೆ ಜಾಳುಜಾಳಾಗಿರೋ ಬೊಡ್ಡೆಯಲ್ಲಿ ಹೊಸ ಹುಡಿ ಬೀಳೋದು ಒಂದೋ ಎರಡೋ ತೂತಲ್ಲಿ. ಉಳಿದವು ಹುಳ ಎಂದೋ ಬಿಟ್ಟುಹೋದ ಮನೆ.

ಸೊನ್ನೆ ಹಾಕಿದ ತೂತಿಗೆ ಬೈಕಿನ ಹಳೇ ಕ್ಲಚ್ ವೈರ್ ಸಾಕು. ತುದಿಯ ಎಳೆ ಬಿಚ್ಚಿ ಕೊಕ್ಕೆ ಮಾಡ್ಕೋ. ಸುರಂಗ ಸಾಮಾನ್ಯವಾಗಿ ತೂತಿಂದ ಮೇಲಕ್ಕೆ ಹೋಗಿರುತ್ತೆ, ವೈರನ್ನ ಮೇಲ್ಮುಖವಾಗೇ ನೂಕಬೇಕು. ಮೆತ್ತಗೆ ಏನೋ ತಗುಲಿದ ಹಂಗಾದರೆ ತಿರುಚಿ ಎಳಿ. ಹುಳ ತುಂಡಾಗಿ ಬಂದ್ರೂ ಸರಿ, ವೈರ್ ತುದಿಗೆ ಹಾಲಿನಂಥ ರಸ ಮೆತ್ತಿದ್ರೂ ಸರಿ. ಆಮೇಲೆ ಪೆಟ್ರೋಲಲ್ಲಿ ಅದ್ದಿದ ಹತ್ತಿ ಒಳಗೆ ತುರುಕಿ ಹಸಿ ಜೇಡಿಮಣ್ಣಲ್ಲಿ ಬಾಯಿ ಮುಚ್ಚು. ಹತ್ತಿರ ಯಾರೂ ಬೀಡಿ ಹಚ್ಚಬಾರದು, ಇದು ತಮಾಷೆಗೆ ಹೇಳ್ತಿರೋದಲ್ಲ. ಒಂದು ವಾರ ಬಿಟ್ಟು ನೋಡಿ ಮತ್ತೆ ಹುಡಿ ಬಿದ್ದಿದ್ರೆ ಇನ್ನೊಂದು ಸಲ.

ಒಣಗಿದ ಕೊಂಬೆ ಸತ್ತಿದೆಯಾ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಚಾಕುವಿನಿಂದ ತೊಗಟೆ ಮೇಲ್ಪದರ ಕೆರಿ. ಒಳಗೆ ಹಸಿರು, ತೇವ ಇದ್ರೆ ಜೀವ ಇದೆ. ತುದಿಯಿಂದ ಕೆರೆಯುತ್ತಾ ಕೆಳಗೆ ಬಾ, ಹಸಿರು ಸಿಕ್ಕಿದ ಕಡೆ ನಿಲ್ಲು. ಸತ್ತದ್ದನ್ನ ಅಲ್ಲಿಗೆ ಕತ್ತರಿಸಿ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚಬೇಕು. ಕತ್ತರಿಸಿದ ಕೊಂಬೆ ತೋಪಲ್ಲೇ ರಾಶಿ ಬೀಳಬಾರದು. ಹುಳ ದಿಮ್ಮಿಯೊಳಗೇ ಬಲಿತು ಮುಂಗಾರಿಗೆ ದುಂಬಿಯಾಗಿ ಹೊರಗೆ ಬರುತ್ತೆ. ಸೀಳಿ ಸೌದೆ ಮಾಡಿ ಬೇಸಿಗೆಯಲ್ಲೇ ಒಲೆಗೆ ಹಾಕಿಬಿಡಿ. ಪಕ್ಕದ ತೋಟಕ್ಕೆ ಹರಡುತ್ತೆ ಅಂತ ಭಯ ಬೀಳೋರಿಗೆ ಇದನ್ನೇ ಹೇಳು: ಅಷ್ಟೂ ಮರ ಉರುಳಿಸಿ ಲಾರಿ ಬರೋವರೆಗೆ ದಿಮ್ಮಿ ಪೇರಿಸಿಟ್ಟರೆ ಹರಡೋದು ಆಗಲೇ.

ಬದನಿಕೆ, ನಮ್ಮ ಕಡೆ ಬಂದಳಿಕೆ ಅಂತೀವಿ. ಅದು ರೋಗ ಅಲ್ಲ, ಕಳ್ಳಗಿಡ. ಎಲೆ ಹಸಿರಿದೆ, ಊಟ ತಾನೇ ಮಾಡ್ಕೊಳ್ಳುತ್ತೆ. ನೀರು, ಸಾರ ಮಾತ್ರ ಮರದಿಂದ ಹೀರುತ್ತೆ. ಹಣ್ಣು ತಿನ್ನೋ ಚಿಕ್ಕ ಹಕ್ಕಿಗಳಿವೆ, ಬೀಜಕ್ಕೆ ಅಂಟು ಇರೋದರಿಂದ ಕೊಂಬೆಗೆ ಉಜ್ಜಿ ಅಂಟಿಸಿ ಹೋಗ್ತವೆ, ಅಲ್ಲೇ ಮೊಳೆಯುತ್ತೆ. ಬರೀ ಎಲೆ ಕಿತ್ತರೆ ಮತ್ತೆ ಚಿಗುರುತ್ತೆ. ಅಂಟಿದ ಗಂಟಿನಿಂದ ಒಂದಡಿ ಕೆಳಗೆ, ಮರದ ಕಡೆಗೆ, ಕೊಂಬೆ ಸಮೇತ ಕತ್ತರಿಸಬೇಕು. ಹಣ್ಣಾಗೋಕೆ ಮುಂಚೆ ಮಾಡಿದ್ರೆ ಮುಂದಿನ ವರ್ಷದ್ದು ಅರ್ಧಕ್ಕರ್ಧ ತಪ್ಪುತ್ತೆ. ಕೂಲಿ ಕೊಡೋ ಮುಂಚೆ ಊರಲ್ಲಿ ಮೇಕೆ ಸಾಕೋರಿಗೆ ಹೇಳಿ ನೋಡು. ಮೇಕೆಗೆ ಆ ಸೊಪ್ಪು ಅಂದ್ರೆ ಪ್ರಾಣ, ಅವರೇ ಮರ ಹತ್ತಿ ಇಳಿಸ್ಕೊಂಡು ಹೋಗ್ತಾರೆ. ಒಂದಡಿ ಕೆಳಗೆ ಅನ್ನೋದನ್ನ ಮಾತ್ರ ನಿಂತು ಹೇಳಬೇಕು.

ಬೇವನ್ನ ಮುಟ್ಟಬೇಡ. ಕಾರಣ ಸಾಯಂಕಾಲ ಬರೀತೀನಿ, ಕರೆಂಟ್ ಬಂದಿದೆ, ನೀರು ಕಟ್ಟೋಕೆ ಹೋಗಬೇಕು.

ರೇಷ್ಮೆಗೂಡು (ಶಿಡ್ಲಘಟ್ಟ):

ಔಷಧಿ ಹೊಡೆಯೋ ಯೋಚನೆ ಇದ್ರೆ ಒಂದು ಮಾತು ಅಕ್ಕ. ತೋಪಿನ ಸುತ್ತ ಎಷ್ಟು ದೂರದಲ್ಲಿ ಹಿಪ್ಪುನೇರಳೆ ಇದೆ ಮೊದಲು ನೋಡಿ. ಮೂವತ್ತಡಿ ಮರದ ತುದಿಗೆ ಹೊಡೆದ ಔಷಧಿ ಮರದ ಮೇಲಷ್ಟೇ ಕೂರಲ್ಲ, ಗಾಳಿ ಬಂದ ಕಡೆಗೆ ಹೋಗುತ್ತೆ. ಸೊಪ್ಪಿನ ಮೇಲೆ ಚೂರು ಬಿದ್ರೂ ಅದನ್ನ ತಿಂದ ರೇಷ್ಮೆಹುಳ ವಾಂತಿ ಮಾಡ್ಕೊಂಡು ಒದ್ದಾಡಿ ಸಾಯ್ತವೆ. ನಾಲ್ಕನೇ ಜ್ವರ (ಪೊರೆ ಬಿಡೋದು) ದಾಟಿ ಇನ್ನೇನು ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ಹಂಗಾದರೆ ಒಂದು ಬೆಳೆ ಪೂರ್ತಿ ತಿಪ್ಪೆಗೆ. ನಮ್ಮ ಬೀದಿಯಲ್ಲಿ ಪಕ್ಕದ ಹೂವಿನ ತೋಟದ ಸ್ಪ್ರೇಯಿಂದ ಚಂದ್ರಿಕೆ (ಹುಳ ಗೂಡು ಕಟ್ಟೋ ತಟ್ಟೆ) ಖಾಲಿ ಎತ್ತಿಟ್ಟ ಮನೆ ಇದೆ. ಅವರಿಬ್ಬರೂ ಈಗಲೂ ಮಾತಾಡಲ್ಲ.

ಹೊಂಗೆ ಹೂವು, ಹುಣಸೆ ಹೂವಿಗೆ ಬರೋ ಜೇನಿನ ಕಥೆಯೂ ಅಷ್ಟೆ.

ಹಳೇ ಬೇನಿಷಾ (ಶ್ರೀನಿವಾಸಪುರ):

ಶಿಡ್ಲಘಟ್ಟದವರು ಹೇಳಿದ್ದು ಬಂಗಾರದ ಮಾತು. ಬೇವಿಗೆ ಹೊಡೆಸಬೇಡ ಅಂದಿದ್ದಕ್ಕೆ ಅದೂ ಒಂದು ಕಾರಣ.

ಬೇವಿಗೆ ಎರಡು ಕಾಟ ಸೇರ್ಕೊಂಡಿವೆ. ಒಂದು ಟೀ ಸೊಳ್ಳೆ. ಹೆಸರಿಗೆ ಸೊಳ್ಳೆ, ನಿಜವಾಗಿ ತಿಗಣೆ ಜಾತಿ. ನಿಮ್ಮ ಚಿಂತಾಮಣಿ ಕಡೆ ಗೋಡಂಬಿ ಬೆಳೆಯೋರನ್ನ ಕೇಳು, ಚಿಗುರು ಹೂವು ಒಣಗಿಸೋ ಅದೇ ಹುಳ. ಕೆಂಪು ಎದೆ, ಕಪ್ಪು ತಲೆ, ಬೆನ್ನ ಮೇಲೆ ಗುಂಡುಸೂಜಿ ನೆಟ್ಟಂಗೆ ಒಂದು ಮುಳ್ಳು, ಅದರ ತುದಿಗೆ ಗುಬುಟು. ಎಳೇ ಕಡ್ಡಿಗೆ ಸೊಂಡಿಲು ಚುಚ್ಚಿ ರಸ ಹೀರುವಾಗ ಅದರ ಜೊಲ್ಲು ಒಳಗೆ ಇಳಿದು ಅಲ್ಲಿಂದ ತುದಿ ಸಾಯುತ್ತೆ. ಇನ್ನೊಂದು ಫೋಮಾಪ್ಸಿಸ್ ಅನ್ನೋ ಶಿಲೀಂಧ್ರ. ಬೇವಿನ ಮೇಲಿರೋ ಜಾತಿಗೆ 1997ರಲ್ಲಿ ಬೇವಿನ ಹೆಸರನ್ನೇ ಸೇರಿಸಿ ಹೆಸರಿಟ್ಟರು. ಮಳೆಗಾಲದ ತೇವದಲ್ಲಿ ಹರಡಿ ಮಳೆ ಹಿಂದಾದ ಮೇಲೆ ಕೆಂಪಗೆ ಕಾಣಿಸ್ಕೊಳ್ಳುತ್ತೆ. 2021ರಲ್ಲಿ ತೆಲಂಗಾಣದ ಉದ್ದಕ್ಕೂ ಬೇವು ಹಿಂಗೇ ಒಣಗಿ ಜನ ದೇವರ ಶಾಪ ಅಂತೆಲ್ಲಾ ಅಂದ್ಕೊಂಡ್ರು. ನಮ್ಮ ಕಡೆಯೂ ಆಗಿನಿಂದ ವರ್ಷವರ್ಷ ನೋಡ್ತಿದೀವಿ.

ಬಲಿತ ಬೇವು ಇದಕ್ಕೆ ಸಾಮಾನ್ಯವಾಗಿ ಸಾಯಲ್ಲ ಕಣಮ್ಮ. ಚಳಿ ಕಳೆದು ಶಿವರಾತ್ರಿ ದಾಟಿದ್ರೆ ಚಿಗುರುತ್ತೆ. ಯುಗಾದಿಗೆ ಹೂವು ಕಮ್ಮಿ ಆಗಬಹುದು, ಬೇವುಬೆಲ್ಲಕ್ಕೆ ಸಾಕಾಗುವಷ್ಟು ಸಿಗುತ್ತೆ ಬಿಡು. ಡಿಸೆಂಬರಲ್ಲಿ ಬೇವು ನೋಡಿ ಸತ್ತಿದೆ ಅಂತ ಬರೆಯೋದು ಮರ ತಿಳಿದವರ ಕೆಲಸ ಅಲ್ಲ. ನರ್ಸರಿ ಸಸಿಗೆ, ಆಳೆತ್ತರದ ಗಿಡಕ್ಕೆ ಒಣ ತುದಿ ಕತ್ತರಿಸಿ ಸುಟ್ಟು ಕಾರ್ಬೆಂಡಜಿಮ್ ಅನ್ನೋ ಶಿಲೀಂಧ್ರನಾಶಕ ಹೊಡೀತಾರೆ, ಅದಕ್ಕೆ ಅರ್ಥ ಇದೆ. ತಾಲ್ಲೂಕಿನ ಬೇವೆಲ್ಲಾ ಕೆಂಪಗಿರುವಾಗ ನಿಮ್ಮ ತೋಪಿನ ನಾಲ್ಕು ಮರಕ್ಕೆ ಟ್ಯಾಂಕರ್ ತಂದು ಹೊಡೆದರೆ ಪಕ್ಕದ ರಸ್ತೆ ಮರದಿಂದ ಮತ್ತೆ ಬರುತ್ತೆ. ದುಡ್ಡೂ ದಂಡ.

ಹುಣಸೆಗೆ ನಂಬರ್ ಯಾಕೆ ಬಿತ್ತು ಅಂದ್ರೆ, ಇಟ್ಟಿಗೆ ಗೂಡಿಗೆ ಹುಣಸೆ ಸೌದೆ ಒಳ್ಳೇ ಕಾವು ಕೊಡುತ್ತೆ. ಅದಕ್ಕಿಂತ ಹೆಚ್ಚು ನಾನು ಬರೆಯಲ್ಲ.

ಒಂದು ಪ್ರಶ್ನೆಗೆ ಉತ್ತರ ಕೊಡು. ಮಾವಿನ ಬುಡದಲ್ಲಿ ಕಸ ಸುಡ್ತಾರಾ? ಜೆಸಿಬಿ ಬಂದು ಮಣ್ಣು ತೆಗೆದಿದೆಯಾ?

ಕಲ್ಪವೃಕ್ಷ ಗುಬ್ಬಿ:

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಔಷಧಿ ಹೊಡೆಯದೆ ಬಿಡೋದೂ ಒಂದು ಉಪಾಯ ಅನ್ನೋದಕ್ಕೆ ನಮ್ಮ ತೆಂಗೇ ಸಾಕ್ಷಿ. ಸುರುಳಿ ಸುತ್ತೋ ಬಿಳಿ ನೊಣ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಮೊದಲು ಕಂಡಿತು, ಆಮೇಲೆ ನಮ್ಮ ತುಮಕೂರು ಜಿಲ್ಲೆಗೂ ಬಂತು. ಗರಿ ಅಡಿಗೆ ಬಿಳಿ ಸುರುಳಿ, ಮೇಲೆಲ್ಲಾ ಕಪ್ಪು ಮಸಿ. ಗಾಬರಿಯಾಗಿ ಕಂಡ ಕಂಡ ವಿಷ ಹೊಡೆದ ತೋಟಗಳಲ್ಲಿ ಹೆಚ್ಚೇ ಆಯ್ತು. ಎನ್‌ಕಾರ್ಸಿಯಾ ಅಂತ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ ಇದೆ, ನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಕೊಲ್ಲುತ್ತೆ. ವಿಷ ಹೊಡೆದರೆ ಮೊದಲು ಸಾಯೋದು ಅದು. ಈಗ ವಿಜ್ಞಾನಿಗಳೇ ಕೀಟನಾಶಕ ಬೇಡ, ಕಣಜ ಬೆಳೆಯೋಕೆ ಬಿಡಿ, ಮಸಿಗೆ ಗಂಜಿ ಹೊಡೀರಿ ಅಂತಾರೆ. ಗಂಜಿ ಒಣಗಿ ಸಿಪ್ಪೆಯಾಗಿ ಏಳುವಾಗ ಮಸಿಯನ್ನೂ ಕಿತ್ಕೊಂಡು ಬೀಳುತ್ತೆ.

ಸಂಬಂಧ ಇಲ್ಲದ ಪ್ರಶ್ನೆ: ನಾಟಿ ಮಾವಲ್ಲಿ ಉಪ್ಪಿನಕಾಯಿಗೆ ಆಗೋ ಹುಳಿ ಜಾತಿ ಇದ್ರೆ ಕಡ್ಡಿ ಕೊಡ್ತೀರಾ ಅಕ್ಕ? ಕಸಿ ಕಟ್ಟಿಸ್ಕೊಳ್ತೀನಿ.

ತೋಪಿನಕಟ್ಟೆ (ಚಿಂತಾಮಣಿ ತಾಲ್ಲೂಕು):

ಎಲ್ಲರಿಗೂ ತುಂಬಾ ಧನ್ಯವಾದ. ಶ್ರೀನಿವಾಸಪುರದ ಅಣ್ಣಾ, ನೀವು ಹೇಳಿದಂಗೇ ಮಾಡಿದೆ. ನಾನೂ ನಮ್ಮ ಸಂಘದ ಇಬ್ಬರು ಹೆಂಗಸರೂ ಸಾಯಂಕಾಲ ಹೋಗಿ ಗುಡಿಸಿ ಬಂದ್ವಿ. ನೋಡಿದವರೆಲ್ಲಾ ಪೂಜೆನಾ ಅಂತ ಕೇಳಿದ್ರು. ಬೆಳಿಗ್ಗೆ ನೋಡಿದ್ರೆ ಹೊಸ ಹುಡಿ ಬಿದ್ದಿದ್ದು ಮಾವಿನ ಹನ್ನೊಂದು ಮರದ ಪೈಕಿ ನಾಲ್ಕರಲ್ಲಿ ಮಾತ್ರ! ಮೂಡಲ ಕೊಂಬೆ ಒಣಗಿದ ಆ ಮರದಲ್ಲಿ ಕಿವಿ ಇಟ್ಟರೆ ಕರಕರ ಸದ್ದೂ ಕೇಳಿಸ್ತು. ನಮ್ಮ ಮೈದುನ ಕ್ಲಚ್ ವೈರ್ ಹಾಕಿ ಎಳೆದ. ಬಂದ ಹುಳ ನೋಡಿ ಜೊತೇಲಿದ್ದ ಹೆಂಗಸರು ಕಿರುಚಿಬಿಟ್ರು. ಅಂಗೈ ಅಗಲಕ್ಕೆ ಮಲಗಿತ್ತು, ಕಾಲೇ ಇಲ್ಲ, ಮೂತಿ ಮಾತ್ರ ಕತ್ತರಿ ಆಡಿಸ್ತಾನೇ ಇತ್ತು. ಅದನ್ನ ಒಂದು ಬಾಟಲಿಯಲ್ಲಿ ಹಾಕಿಟ್ಟಿದ್ದೀನಿ, ಸಭೆಗೆ ತಗೊಂಡು ಹೋಗೋಣ ಅಂತ.

ಬುಡದ ಕಥೆ ನೀವು ಕೇಳಿದ್ದೇ ಸರಿ. ಊರಿನ ಕಸ ತಂದು ಎರಡು ಮಾವಿನ ಬುಡದಲ್ಲಿ ಸುರಿದು ಬೆಂಕಿ ಹಾಕ್ತಾರೆ, ಪ್ಲಾಸ್ಟಿಕ್ ಸಮೇತ. ಒಂದು ಕಡೆ ತೊಗಟೆ ಸುಟ್ಟು ಇದ್ದಲಾಗಿದೆ. ಇನ್ನೊಂದು ಮೂಲೆಯಲ್ಲಿ ರಸ್ತೆ ಕೆಲಸಕ್ಕೆ ಅಂತ ಮಣ್ಣು ತೆಗೆದು ಬೇರು ಈಚೆ ಬಂದಿವೆ. ಆ ಎರಡು ಮೂಲೆಯ ಮರಗಳಲ್ಲೇ ಹುಳವೂ ಇರೋದು. ಇದು ಕಾಕತಾಳೀಯವಾ?

ಗುಬ್ಬಿಯವರೇ, ಹುಳಿ ಮಾವು ಒಂದು ಇದೆ, ಜೀರಿಗೆ ವಾಸನೆ ಬರುತ್ತೆ. ಬನ್ನಿ, ಕಡ್ಡಿ ತಗೊಂಡು ಹೋಗಿ.

ನಿವೃತ್ತ ಗುಮಾಸ್ತ (ಬಾಗೇಪಲ್ಲಿ):

ಮರದ ವೈದ್ಯ ನನಗೆ ಬರಲ್ಲ, ಕಾಗದದ್ದು ಸ್ವಲ್ಪ ಬರುತ್ತೆ. ಪಂಚಾಯಿತಿ ನಿರ್ಣಯ ಒಂದನ್ನೇ ಹಿಡ್ಕೊಂಡು ಮರ ಉರುಳಿಸೋಕಾಗಲ್ಲ ತಾಯಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು, ಆ ಅಧಿಕಾರ ಇರೋದು ಅರಣ್ಯ ಇಲಾಖೆಯವರ ಕೈಯಲ್ಲಿ. ಸಭೆಯಲ್ಲಿ ಜೋರಾಗಿ ವಿರೋಧ ಮಾಡೋಕೆ ಹೋಗಬೇಡಿ. 'ಮರಗಳ ಸ್ಥಿತಿಯನ್ನು ಅರಣ್ಯ ಇಲಾಖೆ ಮತ್ತು ಕೃಷಿ ವಿಜ್ಞಾನ ಕೇಂದ್ರದವರು ಸ್ಥಳ ಪರಿಶೀಲಿಸಿ ಮರವಾರು ಲಿಖಿತ ವರದಿ ಕೊಟ್ಟ ನಂತರ ಈ ವಿಷಯ ಚರ್ಚಿಸುವುದು' ಅಂತ ಒಂದು ಸಾಲು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ, ಪುಸ್ತಕದಲ್ಲಿ ಬರೆದಿದ್ದಕ್ಕೆ ಇದೆ. 'ಮರವಾರು', ಅಂದ್ರೆ ಒಂದೊಂದು ಮರಕ್ಕೂ ಬೇರೆ ಬೇರೆಯಾಗಿ, ಅನ್ನೋ ಪದ ಮರೀಬೇಡಿ. ಅದಿಲ್ಲದಿದ್ದರೆ 'ಬಹುತೇಕ ಮರಗಳು ರೋಗಪೀಡಿತ' ಅಂತ ಒಂದೇ ವಾಕ್ಯದಲ್ಲಿ ಮುಗಿಸ್ತಾರೆ.

ಕೃಷಿ ವಿಜ್ಞಾನ ಕೇಂದ್ರ ನಿಮ್ಮ ತಾಲ್ಲೂಕಲ್ಲೇ, ಕುರುಬೂರಲ್ಲಿದೆ. ಕಾಡುಮರಗಳ ಕೀಟ ರೋಗಕ್ಕೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೂ ಪತ್ರ ಬರೀಬಹುದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲೂ ಕಾಗದದ ಮೇಲೆ ಇದ್ದೇ ಇರುತ್ತೆ, ಸದಸ್ಯರು ಯಾರು ಅಂತ ಕೇಳಿ. ನೀವೇ ಆಗಿದ್ದರೂ ಆಶ್ಚರ್ಯ ಇಲ್ಲ! ದೇವನಹಳ್ಳಿ ಹತ್ರ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯ್ತು. ಅದೂ ಹಳೇ ಹುಣಸೆ ಮರಗಳೇ. ಸಭೆಯಲ್ಲಿ ಆ ಹೆಸರು ಹೇಳಿ, ಒಂದಷ್ಟು ಜನ ಬಾಯಿ ಮುಚ್ಚುತ್ತಾರೆ.

ಹಳೇ ಬೇನಿಷಾ (ಶ್ರೀನಿವಾಸಪುರ):

ಕಾಕತಾಳೀಯ ಅಲ್ಲಮ್ಮ. ಗಟ್ಟಿ ಮರದಲ್ಲಿ ಹುಳಕ್ಕೆ ಅಷ್ಟು ಸಲೀಸಿಲ್ಲ. ಬೆಂಕಿಗೆ ಬೆಂದು ಬಿರುಕು ಬಿಟ್ಟ ತೊಗಟೆ, ಬೇರು ಕಳ್ಕೊಂಡು ಸೊರಗಿದ ಮರ ಸಿಕ್ಕಿದ್ರೆ ಮೊಟ್ಟೆಗೆ ಜಾಗ ಹುಡುಕೋ ಕಷ್ಟವೇ ಇಲ್ಲ. ನಾನು ಎಷ್ಟೋ ತೋಟಕ್ಕೆ ಹೋಗಿದೀನಿ, ಹುಳ ತೋರಿಸಿ ಔಷಧಿ ಹೇಳಿ ಅಂತಾರೆ, ಬುಡದ ಬೂದಿ ತೋರಿಸಲ್ಲ. ಕಸ ನಿಲ್ಲಿಸದೆ ಕ್ಲಚ್ ವೈರ್ ಎಷ್ಟು ಸಲ ಹಾಕಿದ್ರೂ ಮುಂದಿನ ವರ್ಷ ಅದೇ ಮರಕ್ಕೆ ಅದೇ ಹುಳ. ಮೊದಲು ಕಸದ ಗಾಡಿಯ ದಾರಿ ಬದಲಾಯಿಸು. ಸದಸ್ಯೆ ಅಂತ ಗೆದ್ದಿದ್ದಕ್ಕೆ ಅಷ್ಟಾದರೂ ನಡೀಬೇಕು. ಈಚೆ ಬಂದ ಬೇರಿಗೆ ಕೆರೆ ಗೋಡು (ಹೂಳು ಮಣ್ಣು) ತಂದು ಮುಚ್ಚಿಸು, ಆದ್ರೆ ಬೊಡ್ಡೆಗೆ ಒತ್ತಿ ಏರಿಸಬೇಡ, ತೊಗಟೆ ಕೊಳೆಯುತ್ತೆ. ಸಿಮೆಂಟ್ ಕಟ್ಟೆ ಕಟ್ಟಿಸ್ತೀವಿ ಅಂತ ಯಾರಾದರೂ ಉತ್ಸಾಹ ತೋರಿಸಿದ್ರೆ ಕೈಮುಗಿದು ಬೇಡ ಅನ್ನು.

ಗೆದ್ದಲು ಇದೆ ಅಂತಲೂ ಸಭೆಯಲ್ಲಿ ಹೇಳ್ತಾರೆ ನೋಡ್ತಿರು. ತೊಗಟೆ ಮೇಲಿನ ಮಣ್ಣಿನ ಪೊರೆ ಕೈಯಲ್ಲಿ ಉದುರಿಸಿ ತೋರಿಸು. ಅದು ಬಹುಮಟ್ಟಿಗೆ ತಿನ್ನೋದು ಸತ್ತ ಹೊರತೊಗಟೆಯನ್ನ.

ಆ ಹುಳ ಬಾಟಲಿಯಲ್ಲಿ ತಗೊಂಡು ಹೋಗು, ಒಳ್ಳೇ ಯೋಚನೆ.

ತೋಪಿನಕಟ್ಟೆ (ಚಿಂತಾಮಣಿ ತಾಲ್ಲೂಕು):

ಸಭೆ ಮುಗೀತು. ಹುಳದ ಬಾಟಲಿ ಮೇಜಿನ ಮೇಲಿಟ್ಟೆ, ಅಧ್ಯಕ್ಷರು ಕುರ್ಚಿ ಹಿಂದಕ್ಕೆ ಎಳ್ಕೊಂಡ್ರು. ಹುಣಸೆ ನಂಬರ್ ಬಗ್ಗೆ ಕೇಳಿದಾಗ ಯಾರೂ ಮಾತಾಡಲಿಲ್ಲ. ಬಾಗೇಪಲ್ಲಿಯವರು ಬರೆದ ಸಾಲನ್ನ ಹಂಗೇ ಓದಿದೆ, 'ಮರವಾರು' ಸಮೇತ ನಡಾವಳಿಯಲ್ಲಿ ಬಂದಿದೆ. ಹರಾಜು ಸದ್ಯಕ್ಕೆ ಮುಂದಕ್ಕೆ ಹೋಗಿದೆ. ಕಸದ ವಿಷಯದಲ್ಲಿ ಮಾತ್ರ 'ಬೇರೆ ಜಾಗ ತೋರಿಸಮ್ಮ' ಅಂದ್ರು. ನೋಡ್ತಿದೀನಿ.

ಮೇಕೆಯವರು ಬದನಿಕೆ ಇಳಿಸೋಕೆ ಒಪ್ಪಿದ್ದಾರೆ. ಬೋರ್ಡೋ ಮುಲಾಮು ಹೆಂಗೆ ಮಾಡೋದು ಅಣ್ಣಾ? ಮೈಲುತುತ್ತ ಎಷ್ಟು ತರಲಿ? ಶನಿವಾರ ಕೆಲಸ ಇಟ್ಕೊಂಡಿದೀವಿ.

ಹಳೇ ಬೇನಿಷಾ (ಶ್ರೀನಿವಾಸಪುರ):

ಭೇಷ್! ಬರ್ಕೋ.

ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಟ್ಟ ಸುಣ್ಣ, ಹತ್ತು ಲೀಟರ್ ನೀರು. ಎರಡು ಪ್ಲಾಸ್ಟಿಕ್ ಬಕೆಟ್ ತಗೋ, ಕಬ್ಬಿಣ ತಗಡು ಯಾವುದೂ ಬೇಡ. ಒಂದರಲ್ಲಿ ಐದು ಲೀಟರ್ ನೀರಿಗೆ ಮೈಲುತುತ್ತ. ಹರಳು ಕುಟ್ಟಿ ಬಟ್ಟೆ ಗಂಟಲ್ಲಿ ಕಟ್ಟಿ ರಾತ್ರಿ ನೀರಿನ ಮೇಲ್ಭಾಗಕ್ಕೆ ತೂಗುಹಾಕಿದ್ರೆ ಬೆಳಿಗ್ಗೆಗೆ ಕರಗಿರುತ್ತೆ. ಇನ್ನೊಂದರಲ್ಲಿ ಸುಣ್ಣ. ಮೊದಲು ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ ಅರಳಿಸು, ಕುದಿಯುತ್ತೆ, ಮುಖ ಹತ್ರ ತರಬೇಡ. ಆರಿದ ಮೇಲೆ ಉಳಿದ ನೀರು ಹಾಕಿ ಸೋಸ್ಕೋ. ಬೆಳಿಗ್ಗೆ ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಕಲಕ್ತಾ ಸುರಿ. ಆಕಾಶನೀಲಿ ಗಂಜಿ ಆಗುತ್ತೆ. ಹೊಳಪಿರೋ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗಿ. ಕೆಂಪು ತಾಮ್ರ ಹತ್ತಿದ್ರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಚಾಕು ಬೆಳ್ಳಗೇ ಬಂದ್ರೆ ಸರಿ.

ಸುಟ್ಟು ಇದ್ದಲಾದ ತೊಗಟೆಯನ್ನ ಗಟ್ಟಿ ಮರ ಸಿಗೋವರೆಗೆ ಕೆರೆದು ಹಚ್ಚಿಸು. ಕೊಂಬೆ ಕತ್ತರಿಸಿದ ಗಾಯಕ್ಕೆ ಹಚ್ಚಿಸು. ಆಮೇಲೆ ಮಾವಿನ ಹನ್ನೊಂದು ಮರಕ್ಕೂ ನೆಲದಿಂದ ಮೂರಡಿ ಬಳಿಸು, ಆ ಸುಣ್ಣದ ನಂಬರ್ ಮೇಲೇನೇ. ಅಷ್ಟು ದಪ್ಪದ ಬೊಡ್ಡೆಗೆ ಒಂದು ಒಂದೂವರೆ ಲೀಟರ್ ಹಿಡಿಯುತ್ತೆ. ಎರಡು ಕೆಜಿ ಮೈಲುತುತ್ತ, ಎರಡು ಕೆಜಿ ಸುಣ್ಣ ತಗೊಂಡ್ರೆ ಗಾಯಗಳಿಗೂ ಸೇರಿ ಸಾಕು. ಕಲಸಿದ್ದು ಅವತ್ತೇ ಮುಗೀಬೇಕು, ಮಾರನೇ ದಿನಕ್ಕೆ ಬರಲ್ಲ. ಅದಕ್ಕೇ ಬೆಳಿಗ್ಗೆ ಅರ್ಧ, ಊಟ ಆದ ಮೇಲೆ ಅರ್ಧ ಕಲಸಿ.

ಇನ್ನೊಂದು, ಮೈಲುತುತ್ತದಲ್ಲಿ ಇರೋದು ತಾಮ್ರ, ಕುರಿಗೆ ಅದು ಆಗಿಬರಲ್ಲ. ಬಕೆಟ್ ತೊಳೆದ ನೀರು ತೋಪಲ್ಲಿ ಚೆಲ್ಲಬೇಡಿ, ಬೊಡ್ಡೆ ಚೆನ್ನಾಗಿ ಒಣಗೋವರೆಗೆ ಎರಡು ದಿನ ಕುರಿ ಬೇರೆ ಕಡೆ ಬಿಡೋಕೆ ಶುಕ್ರವಾರವೇ ಹೇಳಿಟ್ಟಿರಿ.